ಬಿಸಿಲು ಮುರಿದ ಮರುದಿನದ ಧಾರಣೆ

(ಪಾಮನಕಲ್ಲೂರಿನಲ್ಲಿ ರೈತರ ಮುಂದೆ ಆಡಿದ ಮಾತುಗಳ ಬರಹ ರೂಪ)



ಹೊತ್ತು ಇಳಿದ ಮೇಲೆ ಸಭೆ ಇಟ್ಟದ್ದು ಒಳ್ಳೆಯದಾಯಿತು. ಮಧ್ಯಾಹ್ನ ಕರೆದಿದ್ದರೆ ನೀವು ಬರುತ್ತಿರಲಿಲ್ಲ. ಬಂದರೂ ಕೇಳುವ ತ್ರಾಣ ನಿಮಗಿರುತ್ತಿರಲಿಲ್ಲ, ಹೇಳುವ ತ್ರಾಣ ನನಗಿರುತ್ತಿರಲಿಲ್ಲ. ಪಾಮನಕಲ್ಲೂರಿನ ಕಟ್ಟೆ ಮೇಲೆ ನಿಂತು ಬಿಸಿಲಿನ ವರ್ಣನೆ ಮಾಡುವುದೆಂದರೆ ಹಟ್ಟಿಗೆ ಹೋಗಿ ಚಿನ್ನದ ಬಣ್ಣ ಹೇಳಿಕೊಟ್ಟ ಹಾಗೆ. ಆ ಕೆಲಸ ನಾನು ಮಾಡುವುದಿಲ್ಲ. ಬಿಸಿಲು ಮುರಿಯುವ ದಿನ ಇದೆಯಲ್ಲ, ಅದರ ಬಗ್ಗೆ ಮಾತಾಡುತ್ತೇನೆ. ಅದಕ್ಕಿಂತ ಹೆಚ್ಚಾಗಿ, ಅದರ ಮರುದಿನ ಸಿಂಧನೂರು ಪ್ಯಾಟಿಯಲ್ಲಿ ನಿಲ್ಲುವ ಧಾರಣೆಯ ಬಗ್ಗೆ ಮಾತಾಡುತ್ತೇನೆ.

ಆ ಸಂಜೆ ಹೇಗಿರುತ್ತದೆಂದು ನಿಮಗೆ ಗೊತ್ತು. ಮೂರು ನಾಲ್ಕು ದಿನ ಗಾಳಿ ಬಿದ್ದುಹೋಗಿರುತ್ತದೆ. ಮಾಳಿಗೆ ಕೆಳಗೆ ಮಲಗಲಾಗದೆ, ಮೇಲೆಯೂ ಮಲಗಲಾಗದೆ ರಾತ್ರಿ ಕಳೆದಿರುತ್ತೇವೆ. ಎಮ್ಮೆ ಹಾಲು ಇಳಿಸಿರುತ್ತದೆ. ಮೂಡಲಿಗೋ ತೆಂಕಲಿಗೋ ಒಂದು ಮೋಡ ಹೂಕೋಸಿನ ಹಾಗೆ ಎದ್ದು ನಿಲ್ಲುತ್ತದೆ. ನಾಲ್ಕೂವರೆ ಐದು ಗಂಟೆಗೆ ಕೆಂಪು ಧೂಳಿನ ಗೋಡೆಯೊಂದು ಹೊಲದ ಮೇಲೆ ನಡೆದು ಬರುತ್ತದೆ. ತಗಡು ಹಾರುತ್ತವೆ, ಬೇವಿನ ಟೊಂಗೆ ಮುರಿಯುತ್ತವೆ, ಕರೆಂಟು ಹೋಗುತ್ತದೆ. ಆಮೇಲೆ ಮೈಗೆ ತಣ್ಣನೆ ಗಾಳಿ. ಮುದುಕರು, ಹುಡುಗರು ಎಲ್ಲರೂ ಅಂಗಳಕ್ಕೆ ಬಂದು ನಿಲ್ಲುತ್ತಾರೆ. 'ಸಾಕಪ್ಪ, ಜೀವ ಬಂತು' ಅನ್ನುತ್ತಾರೆ.

ಅದೇ ಗಳಿಗೆಯಲ್ಲಿ ಕಾಲುವೆ ಕಡೆಯ ರೈತ ಒಬ್ಬ ಡಾಂಬರು ರಸ್ತೆ ಮೇಲೆ ಹರವಿದ ಭತ್ತದ ಸುತ್ತ ತಾಡಪತ್ರಿ ಹಿಡಿದು ಓಡುತ್ತಿರುತ್ತಾನೆ. ಅವನ ಹೆಂಡತಿ ಕಲ್ಲು ಹೊತ್ತು ತಂದು ಅದರ ಮೇಲೆ ಇಡುತ್ತಿರುತ್ತಾಳೆ. ಊರಿಗೆಲ್ಲ ಜೀವ ಬಂದ ಗಾಳಿಗೆ ಆ ಮನೆಯ ಜೀವ ಹೋಗುತ್ತದೆ. ಇಬ್ಬರೂ ಒಂದೇ ಜಿಲ್ಲೆಯ ರೈತರು, ಬಹಳ ಸಲ ಒಂದೇ ಮನೆತನದ ಬೀಗರು. ಒಂದೇ ಮಳೆ ಒಬ್ಬನಿಗೆ ಹರಗುವ ಹದ ಕೊಟ್ಟು ಇನ್ನೊಬ್ಬನಿಗೆ ಸಾಲ ಕೊಟ್ಟು ಹೋಗುತ್ತದೆ. ಇದನ್ನು ನಾವು ದೈವದ ಆಟ ಅಂತ ಬಿಟ್ಟುಬಿಟ್ಟಿದ್ದೇವೆ. ಇದರಲ್ಲಿ ದೈವದ ಪಾಲು ಎಷ್ಟು, ಪ್ಯಾಟಿಯ ಪಾಲು ಎಷ್ಟು, ಸರ್ಕಾರದ ಪಾಲು ಎಷ್ಟು ಅಂತ ಬೇರೆ ಬೇರೆ ಮಾಡಿ ನೋಡೋಣ.

ಮೊದಲು ಬಿಸಿಲಿನ ಲೆಕ್ಕ. ಕರ್ನಾಟಕದಲ್ಲಿ ದಾಖಲಾದ ಅತಿ ಹೆಚ್ಚಿನ ಬಿಸಿಲು ನಮ್ಮ ರಾಯಚೂರಿನದು ಅಂತ ಬಹಳ ಕಾಲದಿಂದ ಪುಸ್ತಕಗಳಲ್ಲಿ ಬರೆಯುತ್ತ ಬಂದಿದ್ದಾರೆ. 1928 ರ ಮೇ 23 ರಂದು 45.6 ಡಿಗ್ರಿ. ಹವಾಮಾನ ಇಲಾಖೆಯ ಅಳತೆಯಲ್ಲಿ ಬಯಲು ಸೀಮೆಯಲ್ಲಿ 'ಬಿಸಿಗಾಳಿ' ಅನ್ನಬೇಕಾದರೆ ಉಷ್ಣಾಂಶ 40 ಮುಟ್ಟಬೇಕು, ಜೊತೆಗೆ ಆ ಊರಿನ ವಾಡಿಕೆಗಿಂತ ನಾಲ್ಕೂವರೆ ಡಿಗ್ರಿ ಏರಿರಬೇಕು. ಇಲ್ಲವೇ ನೇರ 45 ಮುಟ್ಟಬೇಕು. ನಮ್ಮಲ್ಲಿ ಮೇ ತಿಂಗಳ ವಾಡಿಕೆಯೇ 40 ರ ಆಸುಪಾಸು. ಅಂದರೆ ಏನಾಯಿತು? 43 ಡಿಗ್ರಿಯಲ್ಲಿ ಮಸ್ಕಿಯ ಕೂಲಿಯವ ಕುಸಿದು ಬಿದ್ದರೂ ಕಾಗದದ ಮೇಲೆ ಅದು ಬಿಸಿಗಾಳಿಯಲ್ಲ, ಬೇಸಿಗೆ. ದಿನಾ ಸುಡಿಸಿಕೊಳ್ಳುವವನಿಗೆ ಸುಡುವುದೇ ವಾಡಿಕೆ ಎಂಬ ನ್ಯಾಯ.

ಬಿಸಿಲು ಯಾರಿಗೆ ಕಾಣುತ್ತದೆ, ಯಾರಿಗೆ ಕಾಣುವುದಿಲ್ಲ ನೋಡಿರಿ. ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ 8 ಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುವ ಪದ್ಧತಿ ಬಹಳ ವರ್ಷಗಳಿಂದ ಇದೆ. ತಪ್ಪು ಅನ್ನುವುದಿಲ್ಲ, ಅವರೂ ಮನುಷ್ಯರು. ಉದ್ಯೋಗ ಖಾತರಿ ಕೆಲಸದಲ್ಲಿಯೂ 2024 ರ ಏಪ್ರಿಲ್–ಮೇ ತಿಂಗಳಲ್ಲಿ ನಮ್ಮ ಭಾಗಕ್ಕೆ ಕೆಲಸದ ಅಳತೆಯಲ್ಲಿ ನೂರಕ್ಕೆ 30 ರಿಯಾಯಿತಿ ಇತ್ತು. 349 ರೂಪಾಯಿ ಕೂಲಿಗೆ ಅಷ್ಟು ಕಡಿಮೆ ಮಣ್ಣು ಕಡಿದರೆ ಸಾಕೆಂದು. ಕಚೇರಿಗೆ ಬೇಸಿಗೆಯ ವೇಳಾಪಟ್ಟಿ ಉಂಟು, ಕೂಲಿಗೆ ಅಷ್ಟೋ ಇಷ್ಟೋ ಉಂಟು. ಸಾಲಕ್ಕೆ ಮಾತ್ರ ಬೇಸಿಗೆಯೂ ಇಲ್ಲ, ಮಳೆಗಾಲವೂ ಇಲ್ಲ. ಬಡ್ಡಿ ಮಧ್ಯಾಹ್ನ ಒಂದೂವರೆಗೆ ಬಾಗಿಲು ಹಾಕುವುದಿಲ್ಲ.

ಇನ್ನು ಆ ತಂಪು ಗಾಳಿ ಎಲ್ಲಿಂದ ಬರುತ್ತದೆ? ಯೂರೋಪು, ಅಮೆರಿಕ, ಆಸ್ಟ್ರೇಲಿಯದ ದಕ್ಷಿಣ ತುದಿಯಂಥ ಕಡೆ ಧ್ರುವದ ಕಡೆಯಿಂದ ತಣ್ಣನೆಯ ಗಾಳಿಯ ದೊಡ್ಡ ರಾಶಿ ನೂರಾರು ಮೈಲಿ ಅಗಲಕ್ಕೆ ನುಗ್ಗಿ ಬರುತ್ತದೆ, ಬಿಸಿ ಗಾಳಿಯನ್ನು ಮೇಲಕ್ಕೆ ಎತ್ತಿ ಒಗೆಯುತ್ತದೆ. ಮೆಲ್ಬೋರ್ನ್ ನಗರದಲ್ಲಿ 2009 ರ ಫೆಬ್ರುವರಿ 7 ರಂದು 46.4 ಡಿಗ್ರಿ ಬಿಸಿಲಿತ್ತು. ಅದೇ ಸಂಜೆ ಅಂಥ ತಣ್ಣನೆ ಗಾಳಿ ನುಗ್ಗಿತು. ಸುಖ ಆಯಿತೆ? ಗಾಳಿ ದಿಕ್ಕು ತಿರುಗಿದ್ದರಿಂದ ಕಾಡಿನ ಬೆಂಕಿಯೂ ತಿರುಗಿತು. ಆ ದಿನದ ಬೆಂಕಿಯಲ್ಲಿ 173 ಜನ ಸತ್ತರು. ತಂಪು ಬಂದದ್ದೇ ಕೇಡಾದದ್ದು ನಮಗೊಬ್ಬರಿಗೇ ಅಲ್ಲ ಅಂತ ಹೇಳಲಿಕ್ಕೆ ಈ ಮಾತು ತಂದೆ.

ನಮ್ಮಲ್ಲಿಗೆ ಮೇ ತಿಂಗಳಲ್ಲಿ ಅಂಥ ಧ್ರುವದ ಗಾಳಿ ಬರುವುದಿಲ್ಲ. ನಮ್ಮ ತಂಪು ನಮ್ಮ ನೆತ್ತಿಯ ಮೇಲೆಯೇ ತಯಾರಾಗುತ್ತದೆ. ಬಂಗಾಳ ಕೊಲ್ಲಿ, ಅರಬ್ಬಿ ಸಮುದ್ರ ಎರಡೂ ಕಡೆಯ ಹಸಿ ಗಾಳಿ ಒಳನಾಡಿನಲ್ಲಿ ಒಂದು ಗೆರೆಯ ಮೇಲೆ ಸೇರುತ್ತದೆ. ಕಾದ ನೆಲ ಅದನ್ನು ಮೇಲಕ್ಕೆ ದೂಡುತ್ತದೆ. ಮೋಡ ಎಂಟು ಹತ್ತು ಮೈಲಿ ಎತ್ತರ ಬೆಳೆದು ಮಳೆ ಸುರಿಸಲು ಶುರು ಮಾಡುತ್ತದೆ. ಆದರೆ ಮೋಡದ ಕೆಳಗಿನ ಗಾಳಿ ಬೆಂಕಿಯಂತೆ ಒಣಗಿರುತ್ತದೆ. ಮೇಲಿನ ಹನಿ ನೆಲ ಮುಟ್ಟುವ ಮೊದಲೇ ಅರ್ಧ ಆರಿಹೋಗುತ್ತದೆ. ನೀರು ಆರುವಾಗ ಶಾಖ ಎಳೆದುಕೊಳ್ಳುತ್ತದೆ. ಮಣ್ಣಿನ ಹರವಿಯಲ್ಲಿ ನೀರು ತಣ್ಣಗಾಗುವುದು ಇದರಿಂದಲೇ. ಹಾಗೆ ತಣ್ಣಗಾದ ಗಾಳಿ ಭಾರವಾಗಿ ಧೊಪ್ಪೆಂದು ಕೆಳಗೆ ಬೀಳುತ್ತದೆ, ನೆಲಕ್ಕೆ ಬಡಿದು ಸುತ್ತಲೂ ಹರಡುತ್ತದೆ. ಹರಡುವ ಆ ಗಾಳಿಯ ಅಂಚೇ ನಮ್ಮ ಧೂಳಿನ ಗೋಡೆ. ಅರ್ಧ ಗಂಟೆಯಲ್ಲಿ ಹತ್ತು ಡಿಗ್ರಿ, ಒಮ್ಮೊಮ್ಮೆ ಅದಕ್ಕೂ ಹೆಚ್ಚು ಇಳಿಯುತ್ತದೆ. ಅಂದರೆ ಬಿಸಿಲು ಎಷ್ಟು ಜೋರೋ, ಗಾಳಿ ಎಷ್ಟು ಒಣಗಿದೆಯೋ, ಮುರಿಯುವ ಸಂಜೆಯ ಹೊಡೆತವೂ ಅಷ್ಟು ಜೋರು. ಒಂದು ಊರಿಗೆ ಹೊಡೆದು ಪಕ್ಕದ ಊರನ್ನು ಬಿಟ್ಟು ಹೋಗುವುದೂ ಇದಕ್ಕೇ. ಇದನ್ನು ನೆನಪಿಟ್ಟುಕೊಳ್ಳಿರಿ, ವಿಮೆಯ ಮಾತು ಬಂದಾಗ ಬೇಕಾಗುತ್ತದೆ.

(ಸಿಡಿಲಿನ ಮಾತೊಂದು ಇಲ್ಲಿಯೇ ಹೇಳಿಬಿಡುತ್ತೇನೆ. ಕುರಿ ಕಾಯುವ ಹುಡುಗರಿಗೆ ಮರದ ಕೆಳಗೆ ನಿಲ್ಲಬ್ಯಾಡ್ರಿ ಅಂತ ಹೇಳಿರಿ. ಪುಣೆಯ ಹವಾಮಾನ ಸಂಸ್ಥೆಯವರು ಮಾಡಿದ 'ದಾಮಿನಿ' ಅಂತ ಮೊಬೈಲಿನಲ್ಲಿ ಬರುತ್ತದೆ, ಸಿಡಿಲು ಹತ್ತಿರ ಬಂದರೆ ತಿಳಿಸುತ್ತದೆ. ಸಿನಿಮಾ ನೋಡುವ ಮೊಬೈಲಿನಲ್ಲಿ ಅದೂ ಒಂದು ಇರಲಿ.)

ಈಗ ಕಾಲುವೆಗೆ ಬರೋಣ. ತುಂಗಭದ್ರಾ ಎಡದಂಡೆ ಕಾಲುವೆ 227 ಕಿಲೋಮೀಟರು. ಅದನ್ನು ಯೋಜಿಸಿದವರು ಬಹುಪಾಲು ಜಮೀನಿಗೆ ಜೋಳ, ಹತ್ತಿಯಂಥ ಅರೆ ನೀರಾವರಿ ಬೆಳೆ ಅಂತ ಬರೆದಿದ್ದರು. ಮೇಲ್ಭಾಗದಲ್ಲಿ ಭತ್ತ ತುಂಬಿತು, ಕೆಳಭಾಗಕ್ಕೆ ನೀರು ಮುಟ್ಟಲಿಲ್ಲ. ಆ ಜಗಳ ಇನ್ನೊಂದು ದಿನಕ್ಕಿರಲಿ. ಎರಡನೆ ಬೆಳೆಗೆ ನೀರು ಬಿಟ್ಟ ವರ್ಷ ಏನಾಗುತ್ತದೆ? ಡಿಸೆಂಬರ್–ಜನವರಿಯಲ್ಲಿ ನಾಟಿ. ಏಪ್ರಿಲ್ ಕೊನೆಯಿಂದ ಕೊಯ್ಲು. ಸರಿಯಾಗಿ ಅಶ್ವಿನಿ, ಭರಣಿ ಮಳೆಯ ಕಾಲಕ್ಕೆ ತೆನೆ ಬಾಗಿ ನಿಂತಿರುತ್ತದೆ. ಹಿರಿಯರು ಭರಣಿ ಸುರಿದರೆ ಧರಣಿ ಬೆಳೆ ಅಂದರು. ಅವರು ಅಂದದ್ದು ಈ ಪಾಮನಕಲ್ಲೂರಿನಂಥ ಒಣಭೂಮಿಯ ಮಾತು; ಬೇಸಿಗೆ ಭತ್ತ ಅವರ ಕಾಲದಲ್ಲಿ ಇರಲಿಲ್ಲ.

ಗಾಳಿ ಹೊಡೆದ ಗದ್ದೆ ಮಲಗುತ್ತದೆ. ಮಲಗಿದ ತೆನೆ ನೀರಲ್ಲಿ ನಿಂತರೆ ಮೊಳಕೆ ಒಡೆಯುತ್ತದೆ. ಗಾಲಿ ಮೇಲೆ ಓಡುವ ಕಟಾವು ಮಷೀನು ಕೆಸರಲ್ಲಿ ಇಳಿಯದು. ಚೈನಿನ ಮಷೀನು ಕರೆಸಬೇಕು. ಅದರ ಬಾಡಿಗೆ ಹೆಚ್ಚು, ಮಲಗಿದ ಬೆಳೆ ಕೊಯ್ಯಲು ತಾಸು ಹೆಚ್ಚು. ಕೊಯ್ದ ಭತ್ತ ಹಸಿ. ಒಣಗಿಸಲಿಕ್ಕೆ ಕಣ ಎಲ್ಲಿದೆ? ಕಣ ಮಾಡುವ ಪದ್ಧತಿಯೇ ಹೋಗಿ ರಸ್ತೆಯೇ ಕಣವಾಗಿದೆ. ಲಾರಿಯವನು ಬೈಯುತ್ತಾನೆ, ಪೊಲೀಸರು ಎಬ್ಬಿಸುತ್ತಾರೆ, ಸಂಜೆಗೆ ಮತ್ತೆ ಮೋಡ.

ಆಗ ಅವನು ಏನು ಮಾಡುತ್ತಾನೆ? ಇದ್ದ ರೇಟಿಗೆ ಕೊಟ್ಟುಬಿಡುತ್ತಾನೆ. ಇಲ್ಲಿಂದ ನನ್ನ ನಿಜವಾದ ಮಾತು ಶುರು. ದಯವಿಟ್ಟು ಓದು ಬಲ್ಲ ಹುಡುಗರು ಬರೆದುಕೊಳ್ಳಿರಿ.

ಬೆಂಬಲ ಬೆಲೆಯ ಖರೀದಿಯಲ್ಲಿ ಭತ್ತದ ತೇವಾಂಶ ನೂರಕ್ಕೆ 17 ರ ತನಕ ಇರಬಹುದು. 2024-25 ರ ಸಾಲಿಗೆ ಸಾಮಾನ್ಯ ಭತ್ತಕ್ಕೆ ಕ್ವಿಂಟಾಲಿಗೆ 2,300 ರೂಪಾಯಿ ಕಟ್ಟಿದ್ದರು. 2025-26 ಕ್ಕೆ 2,369 ಮಾಡಿದರು. ನಮ್ಮ ಪ್ಯಾಟಿಯ ಲೆಕ್ಕ 75 ಕಿಲೋದ ಚೀಲ. 2,300 ರ ಲೆಕ್ಕದಲ್ಲಿ ಚೀಲಕ್ಕೆ 1,725. ಈಗ ಮಳೆಗೆ ಸಿಕ್ಕ ನಿಮ್ಮ ಭತ್ತದ ತೇವಾಂಶ 22 ಅಂತ ಇಟ್ಟುಕೊಳ್ಳಿರಿ. ನೂರು ಕಿಲೋದಲ್ಲಿ ನೀರು 22, ಒಣ ಕಾಳು 78. ಇದೇ 78 ಕಿಲೋ ಒಣ ಕಾಳಿಗೆ ನೂರಕ್ಕೆ 17 ರ ತೇವ ಇದ್ದರೆ ಒಟ್ಟು ತೂಕ 94 ಕಿಲೋ. ಅಂದರೆ ನ್ಯಾಯವಾಗಿ ಕಡಿಯಬೇಕಾದ್ದು ಕ್ವಿಂಟಾಲಿಗೆ 6 ಕಿಲೋ, ಚೀಲಕ್ಕೆ ನಾಲ್ಕೂವರೆ ಕಿಲೋ. ಉಳಿದ ಎಪ್ಪತ್ತೂವರೆ ಕಿಲೋಗೆ 1,621 ರೂಪಾಯಿ ಬರಬೇಕು. ಇದು ಗಣಿತ. ಇದರಲ್ಲಿ ರೈತನ ಪರವೂ ಇಲ್ಲ, ವ್ಯಾಪಾರಿಯ ವಿರೋಧವೂ ಇಲ್ಲ. ಒಣಗಿಸುವ ಖರ್ಚು ಬೇರೆ ಹಿಡಿಯಲಿ, ಚೀಲಕ್ಕೆ ಹತ್ತಿಪ್ಪತ್ತು ಹೆಚ್ಚು ಕಡಿಯಲಿ, ತಕರಾರಿಲ್ಲ.

ಆದರೆ ಮಳೆ ಬಿದ್ದ ಮರುದಿನ ಆ ಚೀಲಕ್ಕೆ 1,400 ಅಂದರೆ? ತಾರೀಖು ಹೇಳಿ ಯಾರ ಮೇಲೂ ಹೊರಿಸುತ್ತಿಲ್ಲ, ಲೆಕ್ಕಕ್ಕೆ ಒಂದು ಅಂಕಿ ಹಿಡಿದಿದ್ದೇನೆ. ನಿಮ್ಮ ಊರಿನ ಅಂಕಿ ನೀವೇ ಹಾಕಿಕೊಳ್ಳಿರಿ. 1,621 ಬರಬೇಕಾದಲ್ಲಿ 1,400 ಬಂದರೆ ಚೀಲಕ್ಕೆ 221 ಹೋಯಿತು. ಎಕರೆಗೆ ನಲವತ್ತು ಚೀಲ ಬೆಳೆದವನಿಗೆ ಎಂಟು ಸಾವಿರದ ಎಂಟುನೂರ ನಲವತ್ತು. ಮೇಲೆ ತೂಕದಲ್ಲಿ ಸೂಟು ಬೇರೆ. ತೇವಾಂಶಕ್ಕೆ ರೇಟಿನಲ್ಲಿ ಒಮ್ಮೆ ಕಡಿದವರು ಸೂಟಿನಲ್ಲಿ ಇನ್ನೊಮ್ಮೆ ಕಡಿಯುವುದು ಯಾವ ಧರ್ಮ?

ಮಳೆಯಿಂದ ಹೋದದ್ದು ಚೀಲಕ್ಕೆ 104 ರೂಪಾಯಿ, ಮಳೆಯ ಹೆಸರಲ್ಲಿ ಹೋದದ್ದು 221. ನಾವು ಊರಿಗೆ ಬಂದು 'ಮಳೆ ಹಾಳು ಮಾಡ್ತು' ಅನ್ನುತ್ತೇವೆ. ಕಾಳು ಕಪ್ಪಾಗಿ, ಮೊಳೆತು ಹಾಳಾದದ್ದಿದ್ದರೆ ಆ ಮಾತು ಬೇರೆ. ಬರೀ ಹಸಿಯಾದದ್ದಕ್ಕೆ ಈ ಶಿಕ್ಷೆ ಏಕೆ?

ಈಗ ಸರ್ಕಾರದ ಪರಿಹಾರ ಇದರ ಪಕ್ಕದಲ್ಲಿ ಇಟ್ಟು ನೋಡಿರಿ. ಕೇಂದ್ರ ಸರ್ಕಾರ 2022 ರಿಂದ 2026 ರ ಮಾರ್ಚ್ ತನಕದ ಅವಧಿಗೆ ಮಾಡಿದ ನಿಯಮ ಹೇಳುವುದೇನು? ಬೆಳೆ ನೂರಕ್ಕೆ 33 ಅಥವಾ ಹೆಚ್ಚು ಹಾಳಾಗಿರಬೇಕು. ಹಾಗಾಗಿದ್ದರೆ ನೀರಾವರಿ ಬೆಳೆಗೆ ಹೆಕ್ಟೇರಿಗೆ 17,000, ಮಳೆಯಾಶ್ರಿತಕ್ಕೆ 8,500, ಅದೂ ಎರಡು ಹೆಕ್ಟೇರಿನ ತನಕ. ಎಕರೆಗೆ ಇಳಿಸಿದರೆ ನೀರಾವರಿಗೆ ಆರು ಸಾವಿರದ ಎಂಟುನೂರ ಎಂಬತ್ತು ಚಿಲ್ಲರೆ, ಒಣಭೂಮಿಗೆ ಮೂರು ಸಾವಿರದ ನಾನೂರ ನಲವತ್ತು. ಬೆಳೆ ಪೂರ್ತಿ ನೆಲಕಚ್ಚಿದವನಿಗೆ ಸರ್ಕಾರ ಕೊಡುವ ಹಣಕ್ಕಿಂತ, ಬೆಳೆ ಉಳಿಸಿಕೊಂಡು ಪ್ಯಾಟಿಗೆ ಹೋದವನು ಧಾರಣೆಯಲ್ಲಿ ಕಳಕೊಂಡದ್ದೇ ಹೆಚ್ಚಾಯಿತು! ಅದಕ್ಕೆ ಪರಿಹಾರ ಯಾವ ಕಾನೂನಿನಲ್ಲಿದೆ? ನೂರಕ್ಕೆ 33 ಎಂಬ ಅಳತೆ ಹೊಲದಲ್ಲಿ ಬಿದ್ದ ಪೈರಿಗೆ ಇದೆ, ಪ್ಯಾಟಿಯಲ್ಲಿ ಬಿದ್ದ ಬೆಲೆಗೆ ಇಲ್ಲ. ಅದೇ ನಿಯಮದ ಪಟ್ಟಿಯಲ್ಲಿ ಆಲಿಕಲ್ಲು ಇತ್ತು, ಬಿಸಿಗಾಳಿ ಇರಲಿಲ್ಲ.

ನ್ಯಾಯವಾಗಿ ಹೇಳಬೇಕಾದದ್ದು ಹೇಳುತ್ತೇನೆ. 2025 ರ ಮುಂಗಾರಿನ ಅತಿವೃಷ್ಟಿಯ ನಂತರ ರಾಜ್ಯ ಸರ್ಕಾರ ತನ್ನ ಕಡೆಯಿಂದ ಹೆಕ್ಟೇರಿಗೆ 8,500 ಸೇರಿಸಿತು. ಕೂಗಿದ್ದರಿಂದ ಬಂತು. ಆದರೆ ಅದು ಯಾರಿಗೆ ಬರುತ್ತದೆ? ಪಹಣಿಯಲ್ಲಿ ಹೆಸರಿದ್ದವನಿಗೆ. ಸಿಂಧನೂರು ಭಾಗದಲ್ಲಿ ಗದ್ದೆ ಮಾಡುವವರಲ್ಲಿ ಲೀಜಿನವರು ಎಷ್ಟಿದ್ದಾರೆ ನಿಮಗೆ ಗೊತ್ತು. ಎಕರೆಗೆ ಇಷ್ಟು ಚೀಲ ಅಂತ ಮಾತಾಗಿರುತ್ತದೆ; ಗಾಳಿ ಬರಲಿ, ಆಲಿಕಲ್ಲು ಬೀಳಲಿ, ಮಾತು ಮಾತೇ. ಬೆಳೆ ಕಳಕೊಂಡವನು ಲೀಜಿನವನು, ಬ್ಯಾಂಕಿನ ಖಾತೆಗೆ ಜಮಾ ಆಗುವುದು ಹೊಲದ ಒಡೆಯನಿಗೆ. ಒಡೆಯರಲ್ಲಿ ಒಳ್ಳೆಯವರು ತಂದು ಕೊಡುತ್ತಾರೆ. ಒಳ್ಳೆಯತನದ ಮೇಲೆ ನಡೆಯುವ ಪರಿಹಾರ ಪರಿಹಾರವೇ ಅಲ್ಲ. ಇದರಲ್ಲಿ ನಮ್ಮ ರೈತ ಚಳವಳಿಯ ತಪ್ಪೂ ಇದೆ. ಹಸಿರು ಶಾಲು ಹಾಕಿದವರಲ್ಲಿಯೂ ಹೊಲ ಲೀಜಿಗೆ ಕೊಟ್ಟವರು ಇದ್ದೇವೆ, ಆದ್ದರಿಂದ ಈ ಮಾತು ಸಭೆಯಲ್ಲಿ ಮೆಲ್ಲಗೆ ಆಡುತ್ತೇವೆ.

ವಿಮೆ? 2016 ರಿಂದ ಇರುವ ಫಸಲ್ ಬಿಮಾದಲ್ಲಿ, ಕೊಯ್ದು ಹೊಲದಲ್ಲಿ ಹರವಿದ ಬೆಳೆಗೆ 14 ದಿನದ ತನಕ ಅಕಾಲ ಮಳೆ, ಆಲಿಕಲ್ಲಿನ ರಕ್ಷಣೆ ಇದೆ ಅಂತ ಬರೆದಿದ್ದಾರೆ. ನಷ್ಟವಾದ 72 ತಾಸಿನೊಳಗೆ ತಿಳಿಸಬೇಕು. ನೆನಪಿಡಿರಿ, ಮೂರು ದಿನ. ಗಾಳಿಗೆ ಕಂಬ ಬಿದ್ದು ಕರೆಂಟಿಲ್ಲದೆ ಮೊಬೈಲು ಸತ್ತಿರುವ ಮೂರು ದಿನವೂ ಅದೇ! ಆದರೂ ತಿಳಿಸಿರಿ, ಫೋಟೊ ತೆಗೆಯಿರಿ, ಅರ್ಜಿಯ ಸ್ವೀಕೃತಿ ಇಟ್ಟುಕೊಳ್ಳಿರಿ. ಬಿಟ್ಟರೆ ಉಳಿಯುವುದು ಇಡೀ ಪಂಚಾಯತಿಯ ಸರಾಸರಿ. ಗಾಳಿ ಒಂದು ಊರಿಗೆ ಹೊಡೆದು ಇನ್ನೊಂದನ್ನು ಬಿಡುತ್ತದೆ ಅಂದೆನಲ್ಲ, ಸರಾಸರಿಯಲ್ಲಿ ಆ ಹೊಡೆತ ಮಾಯವಾಗುತ್ತದೆ. ಹೊಳೆಯ ಸರಾಸರಿ ಆಳ ಮೊಣಕಾಲು ಅಂತ ನಂಬಿ ಇಳಿದವನ ಗತಿ ನಮ್ಮದು.

ಹಾಗಾದರೆ ರೈತ ಆ ದಿನವೇ ಯಾಕೆ ಮಾರಬೇಕು? ಎಂಟು ದಿನ ತಡೆದರೆ ಬಿಸಿಲು ಮತ್ತೆ ಬರುತ್ತದೆ, ಭತ್ತ ಒಣಗುತ್ತದೆ. ಓದಿದವರು ಈ ಪ್ರಶ್ನೆ ಕೇಳುತ್ತಾರೆ. ಉತ್ತರ ಸಾಲದ ಕಾಗದದಲ್ಲಿದೆ. ಬೀಜ, ಗೊಬ್ಬರ, ಔಷಧಿ ಉದ್ರಿ ತಂದದ್ದು ಅಂಗಡಿಯಿಂದ. ಬೆಳೆ ಬಂದರೆ ನಮ್ಮ ಅಡತಿಗೇ ಹಾಕಬೇಕು ಎಂಬುದು ಬರೆಯದ ಕರಾರು. ಮಷೀನಿನವನಿಗೆ ಗದ್ದೆಯ ಬದುವಿನ ಮೇಲೆಯೇ ರೊಕ್ಕ ಎಣಿಸಬೇಕು. ಟ್ರ್ಯಾಕ್ಟರಿನ ಕಂತು, ಹೆಣ್ಣುಮಕ್ಕಳ ಸಂಘದ ವಾರದ ಕಂತು. ರಾಜ್ಯದಲ್ಲಿ ಸಹಕಾರ ಸಂಘದ ಮೂಲಕ 5 ಲಕ್ಷದ ತನಕ ಬಡ್ಡಿ ಇಲ್ಲದ ಬೆಳೆಸಾಲ ಅಂತ 2023-24 ರಲ್ಲಿ ಘೋಷಣೆಯಾಯಿತು. ಒಳ್ಳೆಯದು. ಆದರೆ ಗಡುವು ತಪ್ಪಿದರೆ ಶೂನ್ಯ ಬಡ್ಡಿ ಶೂನ್ಯವಾಗಿ ಉಳಿಯುವುದಿಲ್ಲ. ಗಡುವು ಬಂತೆಂದು ಹೊರಗೆ ಕೈಸಾಲ ತಂದು ಸಂಘಕ್ಕೆ ಕಟ್ಟಿ, ಮರಳಿ ಎತ್ತಿ ಕೈಸಾಲ ತೀರಿಸುವ ಆಟ ನಿಮ್ಮಲ್ಲಿ ಎಷ್ಟು ಜನ ಆಡಿಲ್ಲ? ಅದರ ನಡುವಿನ ನಾಲ್ಕು ದಿನದ ಬಡ್ಡಿ ಯಾವ ಬಜೆಟ್ ಪುಸ್ತಕದಲ್ಲಿಯೂ ಇಲ್ಲ. ದೇಶಕ್ಕೆ ಚಿನ್ನ ಕೊಡುವ ಹಟ್ಟಿ ಗಣಿ ನಮ್ಮ ಲಿಂಗಸುಗೂರು ಸೀಮೆಯದು. ನಮ್ಮ ಮನೆಯ ಬೆಂಡೋಲೆ ಮಾತ್ರ ಅಡವಿನ ಪೆಟ್ಟಿಗೆಯಲ್ಲಿ.

ಹಸಿ ಭತ್ತ ಹಿಡಿದು ನಿಲ್ಲುವ ಶಕ್ತಿ ಅವನಿಗಿಲ್ಲ ಅಂತ ಪ್ಯಾಟಿಗೆ ಗೊತ್ತು. ಅವನ ಅವಸರಕ್ಕೆ ಕಟ್ಟಿದ ಬೆಲೆಯೇ ಆ 221 ರೂಪಾಯಿ.

ಇನ್ನು ಪಾಮನಕಲ್ಲೂರಿನವರಿಗೆ. ನೀವು ಇಷ್ಟು ಹೊತ್ತು ಸುಮ್ಮನೆ ಕೂತು ಕೇಳಿದಿರಿ. 'ಭತ್ತದ ಪಂಚಾಯತಿ ನಮಗ್ಯಾಕ, ನಮಗ ನೀರೇ ಇಲ್ಲ' ಅಂತ ಮನಸ್ಸಿನಲ್ಲಿ ಅಂದುಕೊಂಡಿರಬೇಕು. ನೀವು ಈ ಊರಿನಲ್ಲಿಯೇ ನಾರಾಯಣಪುರ ಬಲದಂಡೆಯ 5ಎ ಕಾಲುವೆ ಬೇಕೆಂದು 2020 ರ ಕೊನೆಯಲ್ಲಿ ಧರಣಿಗೆ ಕೂತು, ಚಳಿ ಕಳೆದು ಬಿಸಿಲು ಬರುವ ತನಕ ನೂರು ದಿನ ದಾಟಿಸಿದವರು. 2021 ರ ಏಪ್ರಿಲ್ 17 ರಂದು ಮಸ್ಕಿಯಲ್ಲಿ ಉಪಚುನಾವಣೆ ನಡೆದಾಗ ಅದೇ ಕಾಲುವೆಯ ಹೆಸರು ಎಲ್ಲ ಪಕ್ಷದವರ ಬಾಯಲ್ಲಿತ್ತು. ಕಾಲುವೆಯ ನೀರಿಗಿಂತ ಮೊದಲು ಕಾಲುವೆಯ ಭರವಸೆ ಹರಿಯುತ್ತದೆ ಎಂಬುದನ್ನು ನಿಮಗೆ ನಾನು ಕಲಿಸಬೇಕಾಗಿಲ್ಲ.

ನಿಮಗೆ ಬಿಸಿಲು ಮುರಿದ ಸಂಜೆ ಹಬ್ಬ. ಬಾಯಿ ಬಿಟ್ಟ ಎರಿ ನೆಲ ನೀರು ಕುಡಿಯುತ್ತದೆ, ಕುಂಟಿ ಹೊಡೆಯಲು ಹದ ಬರುತ್ತದೆ. ಆದರೆ ಆ ತಂಪಿನಲ್ಲಿ ಇನ್ನೊಂದು ಸಾಲ ಹುಟ್ಟುತ್ತದೆ. ಎಲ್ಲರ ಹೊಲಕ್ಕೂ ಒಂದೇ ವಾರ ಹದ, ಆದ್ದರಿಂದ ಟ್ರ್ಯಾಕ್ಟರಿನ ಬಾಡಿಗೆ ಏರುತ್ತದೆ. ತೊಗರಿ, ಹತ್ತಿ ಬೀಜದ ಅಂಗಡಿ ಮುಂದೆ ಸಾಲು ನಿಲ್ಲುತ್ತದೆ. ಒಂದು ಮಳೆಯ ಧೈರ್ಯದ ಮೇಲೆ ಸಾಲ ಎತ್ತುತ್ತೇವೆ. ಆಮೇಲೆ ಮಳೆ ಕೈ ಕೊಡುತ್ತದೆ. 2023 ರಲ್ಲಿ ಹಾಗೇ ಆಯಿತು. ಆಗಸ್ಟ್ ಒಣಗಿತು, ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಅಂತ ಸಾರಿದರು, ನಮ್ಮ ಜಿಲ್ಲೆಯೂ ಅದರಲ್ಲಿ. ಪರಿಹಾರ ಯಾವಾಗ ಬಂತು? ರಾಜ್ಯ ಮೊದಲ ಕಂತೆಂದು 2,000 ದ ತನಕ ಕೊಟ್ಟಿತು. ಕೇಂದ್ರದ ಹಣಕ್ಕೆ ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ಕೇಳಿದ್ದು 18,171 ಕೋಟಿ, 2024 ರ ಏಪ್ರಿಲ್ ಕೊನೆಗೆ ಬಿಡುಗಡೆಯಾದದ್ದು 3,454 ಕೋಟಿ. ಮುಂಗಾರಿನಲ್ಲಿ ಹಾಳಾದ ಬೆಳೆಗೆ ಬೇಸಿಗೆಯ ನಡುಮಧ್ಯದಲ್ಲಿ, ನಲವತ್ತನಾಲ್ಕು ಡಿಗ್ರಿಯಲ್ಲಿ ರೊಕ್ಕ! ಆಗಲೂ ರಾಜ್ಯದ ಕೆಲವೆಡೆ ಬ್ಯಾಂಕುಗಳು ಅದನ್ನು ಹಳೆ ಸಾಲಕ್ಕೆ ಮುರಿದುಕೊಂಡವು. ಹಾಗೆ ಮಾಡಕೂಡದೆಂದು ಸರ್ಕಾರವೇ ಹೇಳಬೇಕಾಗಿ ಬಂತು. ಮಳೆಗಿಂತ ಮೊದಲು ಬಡ್ಡಿಯೇ ಆ ಹಣ ಕುಡಿಯಿತು.

ಮರುವರ್ಷ ಇದರ ಉಲ್ಟಾ. 2025 ರ ಮೇ ತಿಂಗಳಲ್ಲಿ ರಾಜ್ಯದಲ್ಲಿ ವಾಡಿಕೆ 74 ಮಿಲಿಮೀಟರ್ ಇದ್ದಲ್ಲಿ 219 ಬಿತ್ತು, 125 ವರ್ಷದಲ್ಲಿ ಅಂಥ ಮೇ ಇಲ್ಲ ಅಂದರು. ಮುಂಗಾರು ಕೇರಳಕ್ಕೆ ಮೇ 24 ಕ್ಕೇ ಬಂತು. ಹಿಂದಿನ ಮೇ ತಿಂಗಳಲ್ಲಿ ಆಕಾಶ ನೋಡಿ ಅತ್ತವರು ಈ ಮೇ ತಿಂಗಳಲ್ಲಿ ಗದ್ದೆ ನೋಡಿ ಅತ್ತರು. ಅವೆರಡರ ನಡುವೆ 2024 ರ ಆಗಸ್ಟ್ 10 ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19 ನೆಯ ಗೇಟು ಕೊಚ್ಚಿಹೋದದ್ದೂ ಸೇರಿತು. ಹವೆಯ ಹೊಯ್ದಾಟ ಹೆಚ್ಚುತ್ತಿದೆ ಅನ್ನುವುದರಲ್ಲಿ ಅನುಮಾನವಿಲ್ಲ. ಸಾಲದ ನಿಯಮ ಮಾತ್ರ ಹವೆ ಕೆಡುವುದೇ ಇಲ್ಲ ಎಂಬ ನಂಬಿಕೆಯ ಮೇಲೆ ಬರೆದದ್ದು.

ನಾವು ಕೇಳಬೇಕಾದ್ದೇನು? ಸಾಲಮನ್ನಾ ಎಂಬ ಮಾತು ನಾನೂ ಬಹಳ ಸಲ ಕೂಗಿದ್ದೇನೆ, ಇನ್ನೂ ಕೂಗುತ್ತೇನೆ. ಆದರೆ ಅದು ಹಳೆಯ ಗಾಯಕ್ಕೆ. ಹೊಸ ಗಾಯ ಆಗುವುದು ಆ ಒಂದು ವಾರದಲ್ಲಿ, ಆದ್ದರಿಂದ ಆ ವಾರದ ಬಗ್ಗೆ ಕೇಳೋಣ. ಮುಂಗಾರು ಭತ್ತಕ್ಕೆಂದು ತೆರೆದ ಖರೀದಿ ಕೇಂದ್ರ ಮಾರ್ಚ್ ಕೊನೆಗೆ ಬಾಗಿಲು ಹಾಕುವುದು ರೂಢಿ. ಬೇಸಿಗೆ ಭತ್ತ ಬರುವುದು ಅದಾದ ಮೇಲೆ. ಎರಡನೆ ಬೆಳೆಗೆ ನೀರು ಬಿಟ್ಟ ವರ್ಷ ಏಪ್ರಿಲ್ 15 ರಿಂದ ಜೂನ್ ತನಕ ಕೇಂದ್ರ ತೆರೆದಿರಬೇಕು. ನೀರು ಬಿಡುವ ಆದೇಶದ ಜೊತೆಯಲ್ಲಿಯೇ ಖರೀದಿಯ ಆದೇಶವೂ ಬರಲಿ. ಒಣಗಿಸುವ ಯಂತ್ರ ಪ್ರತಿ ಎಪಿಎಂಸಿ ಪ್ರಾಂಗಣದಲ್ಲಿರಬೇಕು. ಇದು ಬಹಳ ಮುಖ್ಯ, ಯಾಕಂದರೆ ಉಗ್ರಾಣದ ರಸೀದಿ ಮೇಲೆ ಅಡಮಾನ ಸಾಲ ಉಂಟು. ಕಿಸಾನ್ ಕಾರ್ಡ್ ಇರುವ ಸಣ್ಣ ರೈತನಿಗೆ ಕೊಯ್ಲಿನ ನಂತರ ಆರು ತಿಂಗಳ ತನಕ ಕಡಿಮೆ ಬಡ್ಡಿಗೆ ಸಿಗುವ ಅವಕಾಶವೂ ಉಂಟು. ಆದರೆ ಹಸಿ ಭತ್ತವನ್ನು ಯಾವ ಉಗ್ರಾಣ ಒಳಗೆ ಬಿಟ್ಟುಕೊಳ್ಳುತ್ತದೆ? ಒಣಗಿಸುವ ವ್ಯವಸ್ಥೆ ಇಲ್ಲದ ಕಡೆ ಅಡಮಾನ ಸಾಲ ಕಾಗದದ ಹೂವು. ತೇವಾಂಶ ಅಳೆಯುವ ಮಷೀನು ರೈತನ ಕಣ್ಣ ಮುಂದೆ ಇರಲಿ, ಅಂಕಿ ಚೀಟಿಯಲ್ಲಿ ಬರಲಿ, ನಾನು ಹೇಳಿದ ಲೆಕ್ಕ ಗೋಡೆಯ ಮೇಲೆ ಬರೆಯಲಿ. ಬಿರುಗಾಳಿ ಹೊಡೆದ ಹೋಬಳಿಯಲ್ಲಿ ಸಾಲದ ಗಡುವು ತಾನಾಗಿಯೇ ಮೂರು ತಿಂಗಳು ಮುಂದೆ ಹೋಗಲಿ, ಅರ್ಜಿ ಹಿಡಿದು ತಿರುಗುವುದು ಬೇಡ. ಲೀಜಿನವನ ಹೆಸರು ಬೆಳೆ ಸಮೀಕ್ಷೆಯಲ್ಲಿ ಬರಲಿ. ಒಡೆಯನ ಹಕ್ಕಿಗೆ ಅದರಿಂದ ಧಕ್ಕೆ ಇಲ್ಲವೆಂದು ಕಾನೂನು ಮಾಡಿದರೆ ಹೆದರುವವರು ಕಡಿಮೆಯಾಗುತ್ತಾರೆ.

ಇದರಲ್ಲಿ ಒಂದೂ ಕ್ರಾಂತಿಯ ಮಾತಿಲ್ಲ ಅಂತ ಕೆಲವರು ನಗಬಹುದು. ನರಗುಂದ, ನವಲಗುಂದದಲ್ಲಿ 1980 ರ ಜುಲೈ 21 ರಂದು ಗೋಲಿ ಹಾರಿದಾಗ ಮಲಪ್ರಭಾ ರೈತರು ಕೇಳಿದ್ದಾದರೂ ಏನು? ಸರಿಯಾಗಿ ನೀರು ಮುಟ್ಟದ ಹೊಲಕ್ಕೆ ಅಭಿವೃದ್ಧಿ ಕರ ಹಾಕಬೇಡಿರಿ, ಬೆಳೆದದ್ದಕ್ಕೆ ಬೆಲೆ ಕೊಡಿರಿ ಅಂತ. ಆಗಲೂ ಅದು ಲೆಕ್ಕದ ಪ್ರಶ್ನೆಯೇ ಆಗಿತ್ತು. ಲೆಕ್ಕ ಕೇಳಿದವರಿಗೆ ಗುಂಡು ಬಿತ್ತು, ಅಲ್ಲಿಂದ ರಾಜ್ಯಕ್ಕೆಲ್ಲ ಚಳವಳಿ ಹಬ್ಬಿತು.

ಒಂದು ಕೆಲಸ ನಿಮಗೆ ಹಚ್ಚಿ ಹೋಗುತ್ತೇನೆ. ಈ ಸಲ ಭತ್ತ, ಜೋಳ, ಏನೇ ಮಾರಿದ್ದರೂ ಅಂಗಡಿಯವರು ಕೊಟ್ಟ ಚೀಟಿ ಒಗೆಯಬ್ಯಾಡ್ರಿ, ಬಿಳಿ ಚೀಟಿಯಾದರೂ ಸರಿ. ಅದರ ಹಿಂದೆ ಮೂರೇ ಮಾತು ಬರೆಯಿರಿ: ಮಳೆ ಬಿದ್ದ ತಾರೀಖು, ಮಾರಿದ ತಾರೀಖು, ಎಷ್ಟು ತೇವಾಂಶ ಅಂದರು. ಮಳೆಗೆ ಮೊದಲು ಮಾರಿದವರ ಚೀಟಿಯೂ ಬೇಕು, ಹೋಲಿಸಿ ನೋಡಲಿಕ್ಕೆ. ಓದು ಬಾರದವರು ಹುಡುಗರ ಕೈಲಿ ಬರೆಸಿರಿ. ಮುಂದಿನ ಅಮಾವಾಸ್ಯೆಗೆ ಇಲ್ಲಿಯೇ ಕೂಡೋಣ. ಇನ್ನೂರು ಚೀಟಿ ಕೂಡಿದರೆ ಅದನ್ನು ಹಿಡಿದು ಎಪಿಎಂಸಿಗೆ ನಾವೇ ಹೋಗೋಣ. ಕಾಲುವೆಯವರು ಚೀಟಿ ತರಲಿ, ಪಾಮನಕಲ್ಲೂರಿನವರು ಕೂಡುವ ಲೆಕ್ಕ ಮಾಡಲಿ. ಧರಣಿಯಲ್ಲಿ ನೂರು ದಿನ ಎಣಿಸಿದವರಿಗೆ ಇದು ದೊಡ್ಡದಲ್ಲ.

ತೆಂಕಲಿಗೆ ಮಿಂಚು ಹೊಡೆಯಾಕತ್ತದ. ಹೊರಗ ಕಾಳು ಹರವಿ ಬಂದವರು ಯಾರಾದರೂ ಇದ್ದರೆ ಮೊದಲು ಎದ್ದು ಹೋಗ್ರಿ, ಉಳಿದವರು ಚಹಾ ಕುಡಿದು ಹೋಗೋಣ.